ಲ್ಯಾಪ್‌ಟಾಪ್ ಏಳದಿದ್ದರೆ ಕೈಕಟ್ಟಿ ಕೂರಬೇಡಿ

(ಪುಣೆ ಕ್ಯಾಂಪಿನ ನಮ್ಮ ಸಂಘದ ವಾಚನಾಲಯದಲ್ಲಿ, ಹೋಟೆಲುಗಳು ಮುಚ್ಚಿದ ಬಳಿಕ ರಾತ್ರಿ ಕೂಡಿದ ಸದಸ್ಯರ ಸಭೆಯಲ್ಲಿ ಸಂಘದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ. ಬರಲಾಗದ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಅಚ್ಚು ಮಾಡಿದೆ.)



ಬೆಳಿಗ್ಗೆ ಐದು ಗಂಟೆಗೆ ಒಲೆ ಹಚ್ಚಿದವರು, ಇಡೀ ದಿನ ತಟ್ಟೆ ಹೊತ್ತವರು, ಗಲ್ಲೆಯ ಮುಂದೆ ನಿಂತು ಬೈಸಿಕೊಂಡವರು ಈಗ ರಾತ್ರಿ ಹನ್ನೊಂದಕ್ಕೆ ಇಲ್ಲಿ ಬಂದು ಕುಳಿತಿದ್ದೀರಿ. ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೂ ನಿದ್ದೆ ಬಿಟ್ಟು ಬಂದಿದ್ದಾರೆ. ಆದುದರಿಂದ ಹೆಚ್ಚು ಪೀಠಿಕೆ ಹಾಕುವುದಿಲ್ಲ. ಇಂದಿನ ವಿಷಯ, ಈ ಮೇಜಿನ ಮೇಲಿರುವ ನಮ್ಮ ಸಂಘದ ಲ್ಯಾಪ್‌ಟಾಪು. ಗುಂಡಿ ಒತ್ತಿದರೂ ಅದು ಏಳದೆ ಹೋದ ದಿನ ನಾವು ಏನು ಮಾಡಬೇಕು ಎಂಬುದನ್ನು ಹೇಳಬೇಕಾಗಿದೆ.

ನಾವೇನೂ ಇಂಜಿನಿಯರುಗಳಲ್ಲ. ನಾವು ಶಾಲೆಯಲ್ಲಿ ಕಲಿತದ್ದು ಏಳನೆಯ ತರಗತಿಯವರೆಗೆ ಮಾತ್ರ. ಮುಂದಿನ ಪಾಠವೆಲ್ಲ ಕಪ್ಪು ಬಸಿ ತೊಳೆಯುವ ಮೋರಿಯ ಹತ್ತಿರ ಆಯಿತು. ಈ ಯಂತ್ರದ ವಿಷಯವನ್ನೂ ನಾವು ಪೆಟ್ಟು ತಿಂದೇ ಕಲಿತೆವು. ಆ ಪೆಟ್ಟಿನ ಕಥೆಯನ್ನೇ ಮೊದಲು ಹೇಳುತ್ತೇವೆ. ಅದರಲ್ಲಿ ನಮ್ಮ ತಪ್ಪೂ ಉಂಟು, ಅದನ್ನು ಮುಚ್ಚಿಡುವುದಿಲ್ಲ.

ನಿಮಗೆ ನೆನಪಿರಬಹುದು, ಮೊದಲು ನಮ್ಮ ಸದಸ್ಯರ ಕಾಗದಗಳೆಲ್ಲ ತಗಡಿನ ಟ್ರಂಕಿನಲ್ಲಿ ಇರುತ್ತಿದ್ದುವು. ಯಾರು ಯಾವ ಹೋಟೆಲಿಗೆ ಯಾವ ವರ್ಷ ಸೇರಿದರು, ಸಂಬಳ ಎಷ್ಟು, ಪ್ರಾವಿಡೆಂಟ್ ಫಂಡ್ ಕಟ್ಟಿದ್ದಾರೆಯೇ ಇಲ್ಲವೇ ಎಂಬುದೆಲ್ಲ ಅಲ್ಲಿತ್ತು. ಒಂದು ಮಳೆಗಾಲದಲ್ಲಿ ಮಾಡು ಸೋರಿ ಟ್ರಂಕಿಗೆ ನೀರು ನುಗ್ಗಿತು. ಅರ್ಧಕ್ಕರ್ಧ ಕಾಗದ ಗಂಜಿಯಾಯಿತು. ಪುಣ್ಯಕ್ಕೆ ಅದಕ್ಕಿಂತ ಮುಂಚೆಯೇ ಹಲವು ಕಾಗದಗಳ ಫೋಟೋ ತೆಗೆದು ಲ್ಯಾಪ್‌ಟಾಪಿನಲ್ಲಿ ಹಾಕಿದ್ದೆವು. ಅಂದಿನಿಂದ ಈ ಹಳೆಯ ಪೆಟ್ಟಿಗೆಯೇ ನಮ್ಮ ಟ್ರಂಕು.

ಪೆಟ್ಟಿಗೆ ಸೆಕೆಂಡ್ ಹ್ಯಾಂಡು. ಅದರಲ್ಲಿ ಮೊದಲು ಇದ್ದದ್ದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಮ್ 2.0 ಎಂಬ ಭದ್ರತಾ ವ್ಯವಸ್ಥೆಯೂ ಹೊಸ ಕಾಲದ ಪ್ರೊಸೆಸರೂ ಬೇಕು; ಇಂಟೆಲ್ ಆದರೆ ಸುಮಾರಾಗಿ ಎಂಟನೆಯ ತಲೆಮಾರಿನಿಂದ ಈಚಿನದು. ನಮ್ಮದು ಅದಕ್ಕಿಂತ ಹಳೆಯದು. ಯಂತ್ರ ಗಟ್ಟಿಯಾಗಿದೆ, ಕೀಲಿಮಣೆ ಸರಿಯಾಗಿದೆ, ಆದರೂ ಮೂಲೆಗೆ ಹಾಕಬೇಕು ಎಂದಾಯಿತು. ಮೈಯಲ್ಲಿ ಶಕ್ತಿ ಇರುವಾಗಲೇ ವಯಸ್ಸಾಯಿತೆಂದು ಕೆಲಸದಿಂದ ಬಿಡಿಸಿದ ಹಾಗೆ! ಆಗ ನಾವು ಲಿನಕ್ಸ್ ಮಿಂಟ್ ಎಂಬುದನ್ನು ಹಾಕಿಸಿದೆವು. ಅದಕ್ಕೆ ದುಡ್ಡಿಲ್ಲ. 2 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ, 4 ಇದ್ದರೆ ಸುಖವಾಗಿ ನಡೆಯುತ್ತದೆ.

ಈ ಲಿನಕ್ಸಿನ ಮೂಲವನ್ನು ಎರಡು ಮಾತಿನಲ್ಲಿ ಹೇಳಬೇಕು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ, ಎಲ್ಲರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಕಟ್ಟುತ್ತೇವೆಂದು ಗ್ನೂ ಎಂಬ ಕೆಲಸ ಆರಂಭಿಸಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೈನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ಹುಡುಗ ಅದಕ್ಕೆ ಬೇಕಾದ ತಿರುಳನ್ನು, ಅಂದರೆ ಕರ್ನಲನ್ನು, ಬರೆದ. ಮುಂದೆ ಲೋಕದ ಸಾವಿರಾರು ಜನರ ದುಡಿಮೆ ಅದಕ್ಕೆ ಸೇರಿತು. ನಮ್ಮ ಪುಣೆಯಲ್ಲೇ 1988ರಲ್ಲಿ ಆರಂಭವಾದ ಸಿ-ಡ್ಯಾಕ್ ಸಂಸ್ಥೆಯೂ ಬಾಸ್ ಎಂಬ ಹೆಸರಿನ ಲಿನಕ್ಸನ್ನು ಸಿದ್ಧಪಡಿಸಿದೆ. ಬೆಂಗಳೂರಿನ ಕೊಳಗೇರಿಯೊಂದರಲ್ಲಿ ಅಂಬೇಡ್ಕರರ ಹೆಸರಿನ ಕಂಪ್ಯೂಟರ್ ಕೇಂದ್ರ ಕಟ್ಟಿ, ಬಡವರ ಮಕ್ಕಳು ಇಂಥದೇ ಸ್ವತಂತ್ರ ತಂತ್ರಾಂಶದಲ್ಲಿ ಕಲಿತದ್ದೂ ಉಂಟು. ಕನ್ನಡ ಬರೆಯಲು ಕಗಪ ಕೀಲಿಮಣೆ ಇದರಲ್ಲಿ ಮೊದಲೇ ಇದೆ. ಹಲವು ಕನ್ನಡಿಗರು ಸಂಬಳವಿಲ್ಲದೆ ಕೂತು ಇದರ ಮಾತುಗಳನ್ನು ಕನ್ನಡಕ್ಕೆ ತಂದಿದ್ದಾರೆ.

ಈಗ ಕಥೆಗೆ ಬರೋಣ. ಬೈಂದೂರಿನ ಕಡೆಯ ಒಬ್ಬ ಅಡುಗೆಯವರು ಈ ಊರಿನ ಒಂದು ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ ದುಡಿದು, ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅವರ ಹೆಂಡತಿ ಗ್ರ್ಯಾಚುಯಿಟಿ ಕೇಳಿದಾಗ ಬಂದ ಉತ್ತರ, "ಅವರು ನಮ್ಮಲ್ಲಿ ಬಂದು ಹೋಗಿ ಮಾಡುತ್ತಿದ್ದರು, ಕಾಯಂ ಅಲ್ಲ" ಎಂದು. ಹತ್ತೊಂಬತ್ತು ವರ್ಷದ ಸಾಕ್ಷಿ ಎಂದರೆ ಅವರು ಸಂಬಳ ಪಡೆದ ಚೀಟಿಗಳು, ಹಾಜರಿ ಪುಸ್ತಕದ ಪುಟಗಳು. ಮೂಲ ಕಾಗದ ಮಳೆಯ ನೀರಿನಲ್ಲಿ ಹೋಗಿತ್ತು. ಉಳಿದದ್ದು ಈ ಪೆಟ್ಟಿಗೆಯೊಳಗಿನ ಫೋಟೋಗಳು ಮಾತ್ರ.

ವಿಚಾರಣೆಗೆ ಮೂರು ದಿನ ಇತ್ತು. ಹಿಂದಿನ ರಾತ್ರಿ ನಾವೇ ಲ್ಯಾಪ್‌ಟಾಪಿಗೆ ಅಪ್‌ಡೇಟ್ ಹಾಕಿದ್ದೆವು. ಗಂಟೆ ಹನ್ನೆರಡಾಯಿತು, ದೀಪ ಆರಿಸಿ ಬೀಗ ಹಾಕಬೇಕು, ಅದು ಮುಗಿಯಲೊಲ್ಲದು. ಸಿಟ್ಟಿನಿಂದ ಗುಂಡಿ ಒತ್ತಿ ಹಿಡಿದು ಆರಿಸಿಬಿಟ್ಟೆವು. ಬೆಳಿಗ್ಗೆ ಹಾಕಿದರೆ ಕಪ್ಪು ಪರದೆ, ಬಿಳಿ ಅಕ್ಷರ, ಕೊನೆಯಲ್ಲಿ "ಕರ್ನಲ್ ಪ್ಯಾನಿಕ್" ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಎಷ್ಟು ಸಲ ಹಾಕಿದರೂ ಅದೇ. ಆ ತಾಯಿ ಊರಿನಿಂದ ಬಸ್ಸು ಹತ್ತಿ ಆಗಿತ್ತು.

ರಿಪೇರಿಯ ಅಂಗಡಿಯೊಂದಕ್ಕೆ ಒಯ್ದೆವು. ಅವರು ಎರಡು ನಿಮಿಷ ನೋಡಿ, "ಫಾರ್ಮ್ಯಾಟ್ ಮಾಡಬೇಕು, ಒಳಗಿನದೆಲ್ಲ ಹೋಗುತ್ತದೆ, ಬೇರೆ ದಾರಿ ಇಲ್ಲ" ಎಂದರು. ನಮಗೆ ಕೈಕಾಲು ಆಡಲಿಲ್ಲ. ಇನ್ನೇನು ಹೂಂ ಎನ್ನುವವರಿದ್ದೆವು. ಆಗ ನಮ್ಮ ಅಡುಗೆ ಭಟ್ಟರ ಮಗ, ಹಗಲು ಸಪ್ಲಾಯರ್ ಕೆಲಸ ಮಾಡಿ ರಾತ್ರಿ ಓದುವ ಹುಡುಗ, ಹೇಳಿದ: "ಅಣ್ಣಾ, ಬಾಗಿಲು ಸಿಕ್ಕಿಕೊಂಡಿದೆ ಅಷ್ಟೆ, ಮನೆ ಸುಟ್ಟಿಲ್ಲ. ಕಾಗದ ಒಳಗೇ ಉಂಟು. ಪೆಟ್ಟಿಗೆ ಇತ್ತ ಕೊಡಿ."

ಆ ಹುಡುಗ ಏನು ಮಾಡಿದ ಎಂಬುದು ತಿಳಿಯಬೇಕಾದರೆ, ಯಂತ್ರ ಏಳುವ ಕ್ರಮ ತಿಳಿಯಬೇಕು. ನಮ್ಮ ಹೋಟೆಲು ಬೆಳಿಗ್ಗೆ ತೆರೆಯುವ ಕ್ರಮವನ್ನೇ ನೆನೆಸಿಕೊಳ್ಳಿ.

ಮೊದಲು ಕಾವಲುಗಾರ ಎದ್ದು ಶಟರು ಎತ್ತುತ್ತಾನೆ. ಯಂತ್ರದಲ್ಲಿ ಈ ಕಾವಲುಗಾರನ ಹೆಸರು ಬಯಾಸ್, ಈಚಿನವುಗಳಲ್ಲಿ ಯುಇಎಫ್‌ಐ. ಕರೆಂಟು ಬಂತೇ, ರ‍್ಯಾಮ್ ಇದೆಯೇ, ಡಿಸ್ಕ್ ಇದೆಯೇ ಎಂದು ಅವನು ನೋಡಿ, ತನ್ನ ಪಟ್ಟಿಯಲ್ಲಿ ಮೊದಲು ಬರೆದ ಬಾಗಿಲಿಗೆ ಹೋಗುತ್ತಾನೆ. ಅಲ್ಲಿ ಮೇಸ್ತ್ರಿ ಇದ್ದಾನೆ. ಇವನ ಹೆಸರು ಗ್ರಬ್. ಇಂದು ಯಾವ ಅಡುಗೆಯವರನ್ನು ಕರೆಯಬೇಕು ಎಂಬ ಪಟ್ಟಿ ಇವನ ಕೈಯಲ್ಲಿದೆ. ಇವನು ಮುಖ್ಯ ಅಡುಗೆಯವರನ್ನು, ಅಂದರೆ ಕರ್ನಲನ್ನು, ಕರೆಯುತ್ತಾನೆ. ಜೊತೆಗೆ ಒಂದು ಸಣ್ಣ ಗಂಟನ್ನೂ ಕೊಡುತ್ತಾನೆ. ಈ ಗಂಟಿಗೆ ಇನಿಟ್‌ರ‍್ಯಾಮ್‌ಎಫ್‌ಎಸ್ ಎಂದು ಹೆಸರು. ಅದರಲ್ಲಿ ಉಗ್ರಾಣದ ಬೀಗದ ಕೈ ಇರುತ್ತದೆ. ಅಡುಗೆಯವರು ಉಗ್ರಾಣ ತೆರೆದು ಒಲೆ ಹಚ್ಚಿದ ಮೇಲೆ ಸಿಸ್ಟಮ್‌ಡಿ ಎಂಬ ಮ್ಯಾನೇಜರು ಬಂದು ಒಬ್ಬೊಬ್ಬರನ್ನೂ ಅವರವರ ಕೆಲಸಕ್ಕೆ ಹಚ್ಚುತ್ತಾರೆ. ಕೊನೆಗೆ ಮುಂಬಾಗಿಲು ತೆರೆದು "ಬನ್ನಿ" ಎನ್ನುತ್ತಾರೆ. ಅದೇ ನಮ್ಮ ಹೆಸರು, ಪಾಸ್‌ವರ್ಡ್ ಕೇಳುವ ಪರದೆ.

ನಮ್ಮ ತಪ್ಪಿನಿಂದ ಆದದ್ದೇನು? ಹೊಸ ಕರ್ನಲ್ ಬಂದಿತ್ತು. ಅದರ ಗಂಟನ್ನು ಕಟ್ಟುತ್ತಿರುವಾಗಲೇ ನಾವು ದೀಪ ಆರಿಸಿದೆವು. ಹೊಸ ಅಡುಗೆಯವರು ಬಂದರು, ಕೈಯಲ್ಲಿ ಬೀಗದ ಕೈ ಇಲ್ಲ. ಉಗ್ರಾಣ ತೆರೆಯಲಿಲ್ಲ, ಗಾಬರಿಯಾಗಿ ನಿಂತುಬಿಟ್ಟರು. ಉಗ್ರಾಣದ ಅಕ್ಕಿ ಬೇಳೆಗೆ ಏನೂ ಆಗಿರಲಿಲ್ಲ.

ಬಂಧುಗಳೇ, ಗಿರಣಿಯ ಹಿರಿಯರನ್ನು ಕೇಳಿ ನೋಡಿ. ಮಗ್ಗದಲ್ಲಿ ಒಂದು ಎಳೆ ಕಡಿದರೆ ಇಡೀ ಹಾಸನ್ನು ಕತ್ತರಿಸಿ ಎಸೆಯುತ್ತಾರೆಯೇ? ಎಲ್ಲಿ ಕಡಿದಿದೆ ಎಂದು ಹುಡುಕಿ ಗಂಟು ಹಾಕುತ್ತಾರೆ. ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿಯವರೆಗೆ ಬಂದು ನಿಂತಿದೆ?

ಆ ಹುಡುಗ ರಿಪೇರಿಗೆ ಕೈ ಹಾಕುವ ಮೊದಲು ಸಾಮಾನು ಹೊರಗೆ ತೆಗೆದ. ಇದನ್ನು ಎಲ್ಲಕ್ಕಿಂತ ಮುಖ್ಯವಾಗಿ ಮನಸ್ಸಿನಲ್ಲಿಡಿ. ಬೇರೆ ಕಂಪ್ಯೂಟರಿನಲ್ಲಿ ಒಂದು ಪೆನ್ ಡ್ರೈವಿಗೆ ಲಿನಕ್ಸ್ ಮಿಂಟನ್ನು ಬರೆದು ತಂದ. ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಗುಂಡಿ ಒತ್ತಿದ ಕೂಡಲೆ ಬೂಟ್ ಪಟ್ಟಿಯ ಕೀಲಿಯನ್ನು ತಟ್ಟಿದ. ಡೆಲ್ ಮತ್ತು ಲೆನೋವೊದಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಬಳಿಕ ಎಫ್ 9, ಆಸುಸ್‌ನಲ್ಲಿ ಎಸ್ಕೇಪ್. ಪಟ್ಟಿಯಲ್ಲಿ ಪೆನ್ ಡ್ರೈವನ್ನು ಆರಿಸಿದರೆ ಯಂತ್ರ ಅದರಿಂದಲೇ ಏಳುತ್ತದೆ. ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ. "ಇನ್‌ಸ್ಟಾಲ್" ಎಂಬ ಚಿತ್ರವನ್ನು ಮಾತ್ರ ಒತ್ತಬಾರದು. ಅಲ್ಲಿಂದ ಡಿಸ್ಕನ್ನು ತೆರೆದು, ಆ ತಾಯಿಯ ಕಾಗದಗಳನ್ನೂ ಉಳಿದ ಎಲ್ಲ ಸದಸ್ಯರ ಕಾಗದಗಳನ್ನೂ ಇನ್ನೊಂದು ಪೆನ್ ಡ್ರೈವಿಗೆ ಇಳಿಸಿದ. ಒಂದೂವರೆ ಗಂಟೆ ಹಿಡಿಯಿತು. ನಾವು ಹತ್ತಿರ ನಿಂತು ನೋಡುತ್ತಿದ್ದೆವು, ಯಾರಿಗೂ ಮಾತು ಬರಲಿಲ್ಲ.

ಆಮೇಲೆ ರಿಪೇರಿ. ಯಂತ್ರ ಹಾಕಿ ಕಂಪನಿಯ ಗುರುತು ಕಾಣಿಸಿದ ಕೂಡಲೆ ಎಸ್ಕೇಪ್ ತಟ್ಟಿದರೆ ಮೇಸ್ತ್ರಿಯ ಪಟ್ಟಿ ಬರುತ್ತದೆ. ಹಳೆಯ ಬಯಾಸ್ ಇದ್ದರೆ ಶಿಫ್ಟ್ ಒತ್ತಿ ಹಿಡಿಯಬೇಕು. ಒಂದೇ ವ್ಯವಸ್ಥೆ ಇರುವ ಯಂತ್ರದಲ್ಲಿ ಈ ಪಟ್ಟಿ ಅಡಗಿರುತ್ತದೆ, ಅದಕ್ಕೇ ನಮಗೆ ಕಂಡಿರಲಿಲ್ಲ. ಅದರಲ್ಲಿ "ಅಡ್ವಾನ್ಸ್‌ಡ್ ಆಪ್ಷನ್ಸ್" ಎಂಬಲ್ಲಿ ಹಳೆಯ ಕರ್ನಲಿನ ಹೆಸರೂ ಇರುತ್ತದೆ. ಹಳೆಯ ಅಡುಗೆಯವರನ್ನು ಕರೆದೆವು, ಅವರ ಹತ್ತಿರ ಬೀಗದ ಕೈ ಇತ್ತು, ಯಂತ್ರ ಎದ್ದಿತು. ಬಳಿಕ ಟರ್ಮಿನಲಿನಲ್ಲಿ ಮೂರು ಆಜ್ಞೆ ಕೊಟ್ಟ: ಅರ್ಧಕ್ಕೆ ನಿಂತ ಅಪ್‌ಡೇಟನ್ನು ಪೂರ್ತಿ ಮಾಡುವುದು ಒಂದು, ಗಂಟನ್ನು ಹೊಸದಾಗಿ ಕಟ್ಟುವುದು ಎರಡು, ಮೇಸ್ತ್ರಿಯ ಪಟ್ಟಿಯನ್ನು ಮತ್ತೆ ಬರೆಯುವುದು ಮೂರು. ಆ ಆಜ್ಞೆಗಳನ್ನು ಅಕ್ಷರ ತಪ್ಪದಂತೆ ದಪ್ಪ ರಟ್ಟಿನ ಮೇಲೆ ಬರೆದು ಗಡಿಯಾರದ ಕೆಳಗೆ ತೂಗುಹಾಕಿದ್ದೇವೆ.

ಎಲ್ಲ ರೋಗಕ್ಕೂ ಇದೇ ಔಷಧವಲ್ಲ. ಬೇರೆ ಕಡೆ ನಿಂತರೆ ಏನು ಮಾಡಬೇಕು ಎಂಬುದನ್ನು ಕ್ರಮವಾಗಿ ಹೇಳುತ್ತೇವೆ.

ಗುಂಡಿ ಒತ್ತಿದರೆ ದೀಪವೇ ಇಲ್ಲ ಎಂದಾದರೆ ಅದು ಲಿನಕ್ಸಿನ ತಪ್ಪಲ್ಲ. ಕಾವಲುಗಾರನೇ ಎದ್ದಿಲ್ಲ. ಚಾರ್ಜರನ್ನು ಬೇರೆ ಪ್ಲಗ್ಗಿಗೆ ಹಾಕಿ ನೋಡಿ. ಆಗದಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಲು ಬರುವಂತಿದ್ದರೆ ತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ಪ್ರಯತ್ನಿಸಿ. ದೀಪ ಬಂದು ಪರದೆ ಬಾರದೆ ಬೀಪ್ ಎಂದು ಕೂಗಿದರೆ ರ‍್ಯಾಮ್ ಸಡಿಲವಾಗಿರಬಹುದು.

ಗುರುತು ಬಂದು, "ಬೂಟ್ ಡಿವೈಸ್ ಇಲ್ಲ" ಎಂಬರ್ಥದ ಇಂಗ್ಲಿಷ್ ಸಾಲು ಬಂದರೆ ಮೊದಲು ನೋಡಬೇಕಾದದ್ದು, ಯಾರಾದರೂ ಪೆನ್ ಡ್ರೈವ್ ಚುಚ್ಚಿ ಮರೆತಿದ್ದಾರೆಯೇ ಎಂದು. ನಗಬೇಡಿ, ನಮ್ಮಲ್ಲಿ ಎರಡು ಸಲ ಇದೇ ಆಗಿದೆ. ಬಳಿಕ ಕಾವಲುಗಾರನ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಇದೆಯೇ ನೋಡಿ. ಯಂತ್ರದ ಗಡಿಯಾರ ಹಿಂದೆ ಹೋಗಿ ಹಳೆಯ ವರ್ಷ ತೋರಿಸಿದರೆ ಒಳಗಿನ ಗುಂಡು ಬ್ಯಾಟರಿ ಮುಗಿದಿದೆ. ಬರೆದಿಟ್ಟದ್ದನ್ನು ಕಾವಲುಗಾರ ಮರೆಯುತ್ತಿದ್ದಾನೆ. ಸಣ್ಣ ಖರ್ಚಿನ ರಿಪೇರಿ ಅದು. ಡಿಸ್ಕಿನ ಹೆಸರೇ ಇಲ್ಲ, ಅಥವಾ ಒಳಗಿನಿಂದ ಕಟಕಟ ಶಬ್ದ ಬರುತ್ತದೆ ಎಂದಾದರೆ ಯಂತ್ರವನ್ನು ಆರಿಸಿಬಿಡಿ. ಮತ್ತೆ ಮತ್ತೆ ಹಾಕಿದಷ್ಟೂ ಉಳಿದದ್ದೂ ಹಾಳಾಗುತ್ತದೆ. ಅದು ಬಲ್ಲವರ ಕೆಲಸ.

ಭದ್ರತೆಯ ಕಾರಣದಿಂದ ಒಳಗೆ ಬಿಡುವುದಿಲ್ಲ ಎಂಬ ಸಂದೇಶ ಬಂದರೆ ಅದು ಸೆಕ್ಯೂರ್ ಬೂಟ್ ಎಂಬ ಏರ್ಪಾಡು. ಪರಿಚಯದ ಚೀಟಿ ಇಲ್ಲದವರನ್ನು ಕಾವಲುಗಾರ ತಡೆಯುತ್ತಾನೆ. 2024ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಅಪ್‌ಡೇಟ್ ಬಂದು, ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರ ಪೈಕಿ ಹಲವರಿಗೆ ಲಿನಕ್ಸಿನ ಬಾಗಿಲು ಮುಚ್ಚಿತು. ಇಂಥದು ಬಂದರೆ ಯುಇಎಫ್‌ಐಯೊಳಗೆ ಹೋಗಿ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆರಿಸಿ, ಯಂತ್ರ ಎಬ್ಬಿಸಿ, ಲಿನಕ್ಸನ್ನು ಅಪ್‌ಡೇಟ್ ಮಾಡಿ, ಪುನಃ ಹಾಕಿಡಬೇಕು.

"ಗ್ರಬ್ ರೆಸ್ಕ್ಯೂ" ಎಂದು ಬಂದರೆ ಮೇಸ್ತ್ರಿಗೆ ತನ್ನ ಪಟ್ಟಿ ಸಿಗುತ್ತಿಲ್ಲ. ಯಾರೋ ಡಿಸ್ಕಿನ ಭಾಗಗಳನ್ನು ಬದಲಿಸಿದಾಗ ಹೀಗಾಗುತ್ತದೆ. ಪೆನ್ ಡ್ರೈವಿನಿಂದ ಎಬ್ಬಿಸಿ, ಮಿಂಟಿನಲ್ಲೇ ಇರುವ ಬೂಟ್ ರಿಪೇರ್ ಎಂಬ ಉಪಕರಣವನ್ನು ನಡೆಸಿದರೆ ಬಹಳ ಸಲ ಸರಿಯಾಗುತ್ತದೆ.

ಮೇಸ್ತ್ರಿಯ ಪಟ್ಟಿ ಬಂದು ಆಮೇಲೆ ಬರೀ ಕತ್ತಲೆ ಎಂದಾದರೆ ಪರದೆಯ ಚಿಪ್ಪಿಗೂ ಕರ್ನಲಿಗೂ ಹೊಂದಿಕೆ ಆಗಿಲ್ಲ. ಪಟ್ಟಿಯಲ್ಲಿ ಇಂಗ್ಲಿಷಿನ ಇ ಅಕ್ಷರ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ "ನೋಮೋಡ್‌ಸೆಟ್" ಎಂದು ಸೇರಿಸಿ ಎಫ್ 10 ಒತ್ತಿದರೆ ಅದೊಂದು ಸಲದ ಮಟ್ಟಿಗೆ ಸಾದಾ ಪರದೆಯಲ್ಲಿ ಏಳುತ್ತದೆ. ಮುಂದೆ ಒಳಗಿನಿಂದ ಸರಿಪಡಿಸಬಹುದು.

"ಇನಿಟ್‌ರ‍್ಯಾಮ್‌ಎಫ್‌ಎಸ್" ಎಂದು ಬರೆದು ನಮ್ಮ ಆಜ್ಞೆಗಾಗಿ ಕಾಯುತ್ತಿದ್ದರೆ ಉಗ್ರಾಣದ ಲೆಕ್ಕ ತಪ್ಪಿದೆ. ಕರೆಂಟು ಹೋಗಿ ತಟ್ಟನೆ ಆರಿದಾಗ ಹೀಗಾಗುವುದುಂಟು. ಯಾವ ಭಾಗ ಎಂದು ಪರದೆಯ ಮೇಲೇ ಬರೆದಿರುತ್ತದೆ. ಅದರ ಹೆಸರು ಹೇಳಿ ಎಫ್‌ಎಸ್‌ಸಿಕೆ ಎಂಬ ಆಜ್ಞೆ ಕೊಟ್ಟರೆ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಡಿಸ್ಕು ಶಬ್ದ ಮಾಡುತ್ತಿದ್ದರೆ ಮಾತ್ರ ಇದನ್ನು ಮಾಡಬೇಡಿ.

ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ತಿರುಗಿ ಅದೇ ಪರದೆಗೆ ಬಂದರೆ ಹಲವು ಸಲ ಡಿಸ್ಕು ತುಂಬಿಹೋಗಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್ 3 ಒಟ್ಟಿಗೆ ಒತ್ತಿದರೆ ಅಕ್ಷರದ ಪರದೆ ಬರುತ್ತದೆ; ಅಲ್ಲಿಂದ ಒಳಗೆ ಹೋಗಿ ಬೇಡದ್ದನ್ನು ತೆಗೆಯಬಹುದು. ಸಿನಿಮಾ ತುಂಬಿಸಿದವರು ಯಾರೆಂದು ನಾವು ಇಲ್ಲಿ ಹೇಳುವುದಿಲ್ಲ.

ಇನ್ನೊಂದು ಮಾತು. ಆ ಹುಡುಗ ಪಾಸ್‌ವರ್ಡಿಲ್ಲದೆ ಪೆನ್ ಡ್ರೈವಿನಿಂದ ನಮ್ಮ ಕಾಗದ ತೆಗೆದ ಎಂದರೆ, ಕಳ್ಳನೂ ತೆಗೆಯಬಲ್ಲ ಎಂದಾಯಿತು. ನಿಮ್ಮ ಆಧಾರ್, ಬ್ಯಾಂಕಿನ ನಂಬರು ಎಲ್ಲ ಇದರಲ್ಲಿದೆ. ಆದುದರಿಂದ ಯಂತ್ರವನ್ನು ಹೊಸದಾಗಿ ಸ್ಥಾಪಿಸಿ ಡಿಸ್ಕಿಗೇ ಬೀಗ ಹಾಕಿದ್ದೇವೆ. ಆ ಗುಪ್ತಪದವನ್ನು ಲಕೋಟೆಯಲ್ಲಿ ಮುಚ್ಚಿ ಅಧ್ಯಕ್ಷರ ಮತ್ತು ಖಜಾಂಚಿಯವರ ಹತ್ತಿರ ಒಂದೊಂದು ಇಟ್ಟಿದೆ. ಅದು ಕಳೆದರೆ ನಮಗೂ ಬಾಗಿಲು ತೆರೆಯುವುದಿಲ್ಲ. ಸದಸ್ಯರ ಕಾಗದ ಇರುವ ಯಂತ್ರವನ್ನು ಇನ್ನು ಮುಂದೆ ಯಾವ ಅಂಗಡಿಯಲ್ಲೂ ಬಿಟ್ಟುಬರುವುದಿಲ್ಲ. ಹತ್ತಿರ ಕುಳಿತೇ ರಿಪೇರಿ ಮಾಡಿಸುತ್ತೇವೆ.

ಸಂಘ ಮಾಡಿಕೊಂಡ ಕಟ್ಟಳೆಗಳು ನಾಲ್ಕು. ಅಪ್‌ಡೇಟ್ ಭಾನುವಾರ ಮಧ್ಯಾಹ್ನ ಮಾತ್ರ, ಚಾರ್ಜರ್ ಹಾಕಿಯೇ, ಮುಗಿಯುವವರೆಗೆ ಒಬ್ಬರು ಕಾದು ಕೂರಬೇಕು. ಅದಕ್ಕಿಂತ ಮುಂಚೆ ಟೈಮ್‌ಶಿಫ್ಟ್‌ನಲ್ಲಿ ಒಂದು ಚಿತ್ರ ತೆಗೆದಿಡಬೇಕು. ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಬರಬಹುದು. ಆದರೆ ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯನ್ನು, ನಮ್ಮ ಕಾಗದಗಳನ್ನಲ್ಲ. ಆದುದರಿಂದ ಮೂರನೆಯ ಕಟ್ಟಳೆ, ಕಾಗದಗಳ ಪ್ರತಿ ಬೇರೆ ಎರಡು ಕಡೆ ಇರಬೇಕು, ಅದರಲ್ಲಿ ಒಂದು ಈ ಕೋಣೆಯ ಹೊರಗಿರಬೇಕು. ನಾಲ್ಕನೆಯದು, ಎಬ್ಬಿಸುವ ಪೆನ್ ಡ್ರೈವ್ ಸದಾ ಈ ಮೊಳೆಯಲ್ಲೇ ತೂಗಬೇಕು. ಅದಕ್ಕೆ ಹಾಡು ತುಂಬಿಸಬಾರದು!

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇವೆ. ವಿಚಾರಣೆಯ ದಿನ ಹತ್ತೊಂಬತ್ತು ವರ್ಷದ ಚೀಟಿಗಳನ್ನು ಅಚ್ಚು ಹಾಕಿಸಿ ಕಟ್ಟು ಮಾಡಿ ಒಯ್ದೆವು. ಅದನ್ನು ನೋಡಿದ ಮೇಲೆ "ಬಂದು ಹೋಗಿ ಮಾಡುತ್ತಿದ್ದರು" ಎಂಬ ಮಾತು ನಿಂತಿತು. ಹಣ ಒಂದೇ ಸಲ ಬರಲಿಲ್ಲ, ಕಂತುಗಳಲ್ಲಿ ಬಂತು. ಕೊನೆಯ ಕಂತಿಗಾಗಿ ನಾವು ನಾಲ್ಕು ಸಲ ಅಲೆಯಬೇಕಾಯಿತು. ಆದರೂ ಬಂತು. ಆ ತಾಯಿ ಊರಿಗೆ ಹೊರಡುವಾಗ ಆ ಕಾಗದದ ಕಟ್ಟನ್ನು ಕೇಳಿ ಪಡೆದರು. "ಅವರ ಕೈ ಸಹಿ ಇದರಲ್ಲಿ ಉಂಟಲ್ಲ, ಮಕ್ಕಳಿಗೆ ತೋರಿಸಬೇಕು" ಎಂದರು. ಅಂದು ಅಂಗಡಿಯಲ್ಲಿ ನಾವು ಹೂಂ ಎಂದಿದ್ದರೆ ಆ ಸಹಿಯೂ ಇರುತ್ತಿರಲಿಲ್ಲ.

ಮುಂದಿನ ಸೋಮವಾರ ರಾತ್ರಿ ಇದೇ ಹೊತ್ತಿಗೆ ಭಟ್ಟರ ಮಗ ಪಾಠ ಹೇಳುತ್ತಾನೆ. ಒಬ್ಬೊಬ್ಬರೂ ತಮ್ಮ ಕೈಯಿಂದಲೇ ಪೆನ್ ಡ್ರೈವ್ ಚುಚ್ಚಿ ಯಂತ್ರ ಎಬ್ಬಿಸಿ ನೋಡಬೇಕು. ಒಬ್ಬ ಹುಡುಗನಿಗೆ ಮಾತ್ರ ಗೊತ್ತಿದ್ದು, ಅವನು ಊರಿಗೆ ಹೋದ ದಿನವೇ ಯಂತ್ರ ನಿಂತರೆ ನಾವು ಮತ್ತೆ ಮೊದಲಿನ ಹಾಗೆಯೇ. ಇಂಗ್ಲಿಷ್ ಬರುವುದಿಲ್ಲ ಎಂದು ಯಾರೂ ಹಿಂಜರಿಯಬೇಡಿ. ಹೋಟೆಲಿಗೆ ಬಂದ ಮೊದಲ ದಿನ ನಮಗೆ ಮರಾಠಿಯೂ ಬರುತ್ತಿರಲಿಲ್ಲ.

 ಚಹಾ ತಯಾರಾಗಿದೆ, ಕುಡಿದು ಹೋಗಿ.